ಧಣಿಗಳ ಕಿರ್ದಿಗೆ ಪೂಜೆ, ನಮ್ಮ ಕಿರ್ದಿ ಎಲ್ಲಿ?



ದೀಪಾವಳಿಯ ಅಮಾವಾಸ್ಯೆಯ ರಾತ್ರಿ ನಮ್ಮವರ ಹೋಟೆಲುಗಳಲ್ಲಿ ಕಾಣುವ ನೋಟ ನಿಮಗೆಲ್ಲ ಗೊತ್ತು. ಗಲ್ಲೆಯ ಮೇಲೆ ಕುಂಕುಮ ಹಚ್ಚಿದ ಹೊಸ ಲೆಕ್ಕದ ಪುಸ್ತಕ, ಅದರ ಮೇಲೆ ಹೂವು, ಎದುರಿಗೆ ಹಣ್ಣುಕಾಯಿ. ಈಗ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿದೆ. ಆದರೂ ಪೂಜೆಗೆಂದು ಒಂದು ಪುಸ್ತಕ ಬಂದೇ ಬರುತ್ತದೆ. ಹೋದ ವರ್ಷ ಬಂದದ್ದೆಷ್ಟು, ಹೋದದ್ದೆಷ್ಟು, ಬರುವ ವರ್ಷ ಮಾಡತಕ್ಕದ್ದೇನು ಎಂದು ಧಣಿಗಳು ಲೆಕ್ಕ ಹಾಕಿಯೇ ಮಲಗುತ್ತಾರೆ. ಅದೇ ಹೋಟೆಲಿನ ಅಟ್ಟದ ಮೇಲೆ ಹತ್ತು ಹನ್ನೆರಡು ಜನ ಒಂದೊಂದು ಪೊಟ್ಟಣ ಮಿಠಾಯಿ ತಿಂದು ಚಾಪೆಯ ಮೇಲೆ ಒರಗುತ್ತಾರೆ. ಅವರ ವರ್ಷದ ಲೆಕ್ಕ ಬರೆದವರು ಯಾರು? ಯಾರೂ ಇಲ್ಲ. ಅವರೂ ಬರೆದಿಲ್ಲ.

ನಾನು ಏಳನೆಯ ತರಗತಿಗೆ ಮಿಗಿಲಾಗಿ ಓದಿದವನಲ್ಲ. 2006ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದು ಕಪ್ಪು ಬಸಿ ತೊಳೆದವನು. ಆದ್ದರಿಂದ ಪಂಡಿತನಂತೆ ಉಪದೇಶ ಮಾಡಲು ನಿಂತಿಲ್ಲ. ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ.

ಉಪದೇಶ ಮಾಡುವವರು ಬೇರೆ ಇದ್ದಾರೆ. ವರ್ಷ ವರ್ಷವೂ ಸಭೆಗಳಲ್ಲಿ ಶಾಲು ಹೊದ್ದ ದೊಡ್ಡವರು ನಮಗೆ ಹೇಳುವುದೇನು? "ಕಪ್ಪು ತೊಳೆದವರೇ ಇಂದು ಹೋಟೆಲು ಕಟ್ಟಿದ್ದಾರೆ. ಮನಸ್ಸು ಮಾಡಿ, ಸಂಕಲ್ಪ ಮಾಡಿ, ನೀವೂ ಮೇಲೆ ಬನ್ನಿ." ನಾವು ಚಪ್ಪಾಳೆ ತಟ್ಟಿ, ಊಟ ಮಾಡಿ, ರಾತ್ರಿಯ ಪಾಳಿಗೆ ಓಡುತ್ತೇವೆ. ಕಪ್ಪು ತೊಳೆದವರು ಹೋಟೆಲು ಕಟ್ಟಿದ್ದು ಸುಳ್ಳಲ್ಲ; ಅವರ ಶ್ರಮಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಒಂದು ಹೋಟೆಲಿಗೆ ಗಲ್ಲೆ ಒಂದೇ, ಕೆಲಸಗಾರರು ಇಪ್ಪತ್ತು. ಇಪ್ಪತ್ತು ಜನರೂ ಸಂಕಲ್ಪ ಮಾಡಿದರೆ ಇಪ್ಪತ್ತು ಜನರೂ ಗಲ್ಲೆಯಲ್ಲಿ ಕೂರುವುದುಂಟೇ? ಕೂರಲಾಗದ ಹತ್ತೊಂಬತ್ತು ಜನರ ಪ್ರಗತಿ ಎಂದರೇನು? ಇದಕ್ಕೆ ಆ ಸಭೆಗಳಲ್ಲಿ ಉತ್ತರವಿಲ್ಲ. ಮೇಲೆ ಬಾರದವನು ಸೋಮಾರಿ ಎಂಬ ಮಾತೊಂದೇ ಉತ್ತರ.

ನಾನೂ ಆ ಮಾತನ್ನು ನಂಬಿದ್ದೆ. 2011ರಲ್ಲಿ ಹತ್ತನೆಯ ತರಗತಿ ಪಾಸು ಮಾಡಿಯೇ ತೀರುತ್ತೇನೆಂದು ರಾತ್ರಿ ಶಾಲೆಗೆ ಹೆಸರು ಕೊಟ್ಟೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಗುಮಾಸ್ತರಾದವರು, ವಕೀಲರಾದವರು ಮುಂಬಯಿಯ ಕನ್ನಡಿಗರಲ್ಲಿ ಎಷ್ಟೋ ಮಂದಿ. ನಾನು ಮಾತ್ರ ಮೂರು ತಿಂಗಳಿಗೆ ಬಿಟ್ಟೆ. "ನಿನ್ನಿಂದ ಆಗುವುದಿಲ್ಲ" ಎಂದು ನಾಲ್ಕು ವರ್ಷ ನನ್ನನ್ನು ನಾನೇ ಬೈದುಕೊಂಡೆ.

2015ರಲ್ಲಿ ಆ ಹೋಟೆಲು ಬಿಡುವಾಗ ಟ್ರಂಕಿನ ತಳದಲ್ಲಿ ಶಾಲೆಯ ನೋಟುಬುಕ್ಕು ಸಿಕ್ಕಿತು. ಹಿಂದಿನ ಪುಟದಲ್ಲಿ ಶಾಲೆ ತಪ್ಪಿದ ದಿನಗಳನ್ನು ಗುರುತು ಹಾಕಿ, ಪಕ್ಕದಲ್ಲಿ ಕಾರಣ ಬರೆದಿದ್ದೆ. 62 ದಿನಗಳಲ್ಲಿ 41 ದಿನ ಗೈರು. ಎಣಿಸಿ ನೋಡಿದೆ. ಎರಡು ದಿನ ಜ್ವರ, ನಾಲ್ಕು ದಿನ ಸಿನೆಮಾ. ಉಳಿದ 35 ದಿನಗಳ ಎದುರಿಗೆ "ರಶ್ಶು", "ಬದಲಿ", "ಬಿಡಲಿಲ್ಲ" ಎಂದಿತ್ತು. ಆ ನಾಲ್ಕು ಸಿನೆಮಾ ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. 35 ದಿನ ಯಾರ ತಪ್ಪು? ಹೊತ್ತು ಮುಗಿದ ಮೇಲೂ ನನ್ನನ್ನು ಹಿಡಿದಿಟ್ಟದ್ದಕ್ಕೆ ಒಂದು ಕಾಸೂ ಕೊಡದವರ ತಪ್ಪಲ್ಲವೇ? ಹರಕು ನೋಟುಬುಕ್ಕು ಹೇಳಿದ ಸತ್ಯವನ್ನು ಯಾವ ಸಭೆಯ ಭಾಷಣವೂ ನನಗೆ ಹೇಳಿರಲಿಲ್ಲ.

ಬಂಧುಗಳೇ, ನಾನು ಹೇಳಬೇಕಾದದ್ದು ಇಷ್ಟೇ. ವರ್ಷಕ್ಕೊಮ್ಮೆ ಕುಳಿತು ನಮ್ಮ ಲೆಕ್ಕವನ್ನು ನಾವೇ ಬರೆಯಬೇಕು. ನಮ್ಮ ತಪ್ಪೆಷ್ಟು, ನಮ್ಮ ಮೇಲೆ ಹೊರಿಸಿದ್ದೆಷ್ಟು ಎಂಬುದು ಕಾಗದದ ಮೇಲೆ ಬೇರೆ ಬೇರೆಯಾಗಿ ಕಾಣಬೇಕು. ಬರೆಯದವನಿಗೆ ಎಲ್ಲವೂ ತನ್ನ ಹಣೆಬರಹವಾಗಿ ಕಾಣುತ್ತದೆ.

ಬರೆಯದಿದ್ದರೆ ಆಗುವ ನಷ್ಟ ಮನಸ್ಸಿನದು ಮಾತ್ರವಲ್ಲ. ಒಂಬತ್ತು ವರ್ಷ ನನ್ನ ಪಗಾರದಲ್ಲಿ ಭವಿಷ್ಯ ನಿಧಿಯ ಹೆಸರಿನಲ್ಲಿ ಹಣ ಮುರಿದರು. ಆ ಮೇಲೆ ಹನ್ನೆರಡು ಅಂಕೆಯ ಖಾತೆ ಸಂಖ್ಯೆ ಹಿಡಿದು ನೋಡಿದರೆ ಜಮೆಯಾದದ್ದು ಎರಡು ವರ್ಷ ಮೂರು ತಿಂಗಳಿನದು ಮಾತ್ರ. ದೂರು ಕೊಡಲು ಹೊರಟಾಗ ತಿಳಿದವರು ಕೇಳಿದರು: "ಮುರಿದ ಹಣದ ಚೀಟಿ ಇದೆಯೇನಪ್ಪಾ?" ಇರಲಿಲ್ಲ.

ಅಲ್ಲಿಯೇ ಚಹಾ ಮಾಡುತ್ತಿದ್ದ ಹಿರಿಯರೊಬ್ಬರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಇಪ್ಪತ್ತೆರಡು ವರ್ಷ ಒಲೆಯ ಮುಂದೆ ನಿಂತವರು. ಹೋಟೆಲು ಕೈ ಬದಲಾದಾಗ ಹೊಸಬರು, "ನಿಮ್ಮ ಹೆಸರು ಪುಸ್ತಕದಲ್ಲೇ ಇಲ್ಲ" ಎಂದರು. ಐದು ವರ್ಷ ದಾಟಿದವನಿಗೆ ವರ್ಷಕ್ಕೆ 15 ದಿನದ ಪಗಾರದಂತೆ ಗ್ರಾಚ್ಯುಟಿ ಕೊಡಬೇಕೆಂಬ ಕಾಯಿದೆ ಬಂದದ್ದು 1972ರಲ್ಲಿ. ಅವರ ಪಗಾರ 12 ಸಾವಿರ. ಲೆಕ್ಕ ಹಾಕಿ ನೋಡಿ: ಒಂದೂವರೆ ಲಕ್ಷಕ್ಕೆ ಮೇಲಾಗುತ್ತದೆ. ಅಣ್ಣ ಊರಿಗೆ ಹೋದದ್ದು ಒಂದು ಚೀಲ, ಎರಡು ಪಂಚೆಯೊಂದಿಗೆ.

ಗಿರಣಿಯ ಹಿರಿಯರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಚಿಮಣಿ ಇದ್ದಲ್ಲಿ ಗಾಜಿನ ಗೋಪುರಗಳು ಎದ್ದವು. ಬಹುಕಾಲದ ಹೋರಾಟದ ಮೇಲೆ, 1982ರ ಜನವರಿ 1ರಂದು ಅಥವಾ ಅನಂತರ ಗಿರಣಿಯಲ್ಲಿ ಕೆಲಸದಲ್ಲಿದ್ದವರಿಗೆ ಮನೆ ಎಂದು ಸರಕಾರ ಒಪ್ಪಿತು. ಸುಮಾರು ಒಂದೂವರೆ ಲಕ್ಷ ಅರ್ಜಿಗಳು ಬಂದವು. 2012ರಲ್ಲಿ ಮ್ಹಾಡಾ ಮೊದಲ ಚೀಟಿ ಎತ್ತಿತು. ಆಗ ಕೇಳಿದ್ದೇನು? ನೀವು ಎಷ್ಟು ಬೆವರು ಸುರಿಸಿದಿರಿ ಎಂದಲ್ಲ. ಟಿಕೆಟ್ಟು ಎಲ್ಲಿ, ಇ.ಎಸ್.ಐ. ಕಾರ್ಡು ಎಲ್ಲಿ, ಭವಿಷ್ಯ ನಿಧಿಯ ಚೀಟಿ ಎಲ್ಲಿ ಎಂದು. ಮೂವತ್ತು ವರ್ಷ ಹಿಂದಿನ ಚೀಟಿಗಾಗಿ ಮುದುಕರು ಪೆಟ್ಟಿಗೆ ತಡಕಿದರು.

ಇಂದೂ ಕೇಳುತ್ತೇನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಕೆಲಸಗಾರನಿಗೆ ನೇಮಕದ ಪತ್ರ ಕೊಡಬೇಕೆನ್ನುತ್ತವೆ. ನಿಮ್ಮ ಪೆಟ್ಟಿಗೆಯಲ್ಲಿ ಆ ಪತ್ರ ಇದೆಯೇ? ಇಲ್ಲವಾದರೆ ಕೇಳಿದ್ದೀರಾ?

"ಹದಿನಾಲ್ಕು ಗಂಟೆ ದುಡಿದವನಿಗೆ ಬರೆಯಲು ಹೊತ್ತೆಲ್ಲಿ ಮಾರಾಯಾ?" ಎನ್ನುವಿರಿ. ತಿಂಗಳಿಗೆ ಹತ್ತು ನಿಮಿಷ, ವರ್ಷಕ್ಕೆ ಒಂದು ರಾತ್ರಿ ಸಾಕು. ಇಪ್ಪತ್ತು ರೂಪಾಯಿಯ ಪುಸ್ತಕ ಸಾಕು. ಬರಬೇಕಾದ ಪಗಾರ, ಬಂದ ಪಗಾರ. ವಾರಕ್ಕೆ 48 ಗಂಟೆಯ ಮೇಲೆ ದುಡಿದದ್ದೆಷ್ಟು, ಅದಕ್ಕೆ ಎರಡರಷ್ಟು ಕೂಲಿ ಸಿಕ್ಕಿತೇ. ರಜೆ ಎಷ್ಟು. ಭವಿಷ್ಯ ನಿಧಿಗೆ ಜಮೆಯಾದದ್ದೆಷ್ಟು. ಊರಿಗೆ ಕಳಿಸಿದ್ದೆಷ್ಟು, ಸಾಲವೆಷ್ಟು. ಕುಡಿತಕ್ಕೆ, ಮೊಬೈಲಿನ ಜೂಜಿಗೆ ಹೋದದ್ದೆಷ್ಟು. ಇದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳು. ಕಲಿತ ಹೊಸ ಕೆಲಸ ಯಾವುದು: ಮೋರಿಯಿಂದ ಟೇಬಲ್ಲಿಗೆ ಬಂದೆನೇ, ಟೇಬಲ್ಲಿನಿಂದ ಭಟ್ಟಿಗೆ ಬಂದೆನೇ? ಕೊನೆಗೆ, ಬರುವ ವರ್ಷದ ಗುರಿ ಒಂದೇ ಒಂದು. ಅದಕ್ಕೆ ಅಡ್ಡಿ ನಾನೋ, ಬೇರೆಯವರೋ ಎಂಬುದೂ ಪಕ್ಕದಲ್ಲಿರಲಿ. ಬರೆಯಲು ಬಾರದವರಿಗೆ ಪಕ್ಕದ ಚಾಪೆಯವನು ಬರೆದುಕೊಡಲಿ. ಅದೇನು ನಾಚಿಕೆಯ ಮಾತಲ್ಲ.

ಒಬ್ಬನ ಪುಸ್ತಕ ಧಣಿಗಳ ಮುಂದೆ ಗೋಳು ಮಾತ್ರ. ಹದಿನಾಲ್ಕು ಪುಸ್ತಕ ಸೇರಿದರೆ? ನಮ್ಮ ಸದಸ್ಯರಿರುವ ಒಂದು ಹೋಟೆಲಿನಲ್ಲಿ ಹೋದ ವರ್ಷ ಹದಿನಾಲ್ಕು ಜನ ತಮ್ಮ ತಮ್ಮ ಪುಸ್ತಕಗಳನ್ನು ಒಂದೇ ಟೇಬಲ್ಲಿನ ಮೇಲೆ ಇಟ್ಟರು. ವಾರದ ರಜೆ ಕೊಡುತ್ತಲೇ ಇದ್ದೇವೆ ಎಂದು ಹಟ ಹಿಡಿದಿದ್ದ ಧಣಿಗಳು ಹದಿನಾಲ್ಕರಲ್ಲೂ ಒಂದೇ ಲೆಕ್ಕ ಕಂಡು ಸುಮ್ಮನಾದರು. ಮುಂದಿನ ತಿಂಗಳಿನಿಂದ ರಜೆ ಸಿಕ್ಕಿತು. ಹಳೆಯ ಬಾಕಿ ಇನ್ನೂ ಸಿಕ್ಕಿಲ್ಲ, ಅದನ್ನೂ ಬರೆದಿಟ್ಟಿದ್ದೇವೆ.

ನಮ್ಮ ಸಂಘವೂ ಈ ಮಾತಿನಿಂದ ತಪ್ಪಿಸಿಕೊಳ್ಳಕೂಡದು. ಮಹಾಸಭೆಯಲ್ಲಿ ನಾವು ಓದುವ ವರದಿಯಲ್ಲಿ ಹಾರ ತುರಾಯಿಗಳ ಲೆಕ್ಕವಿದೆ, ಊಟದ ಲೆಕ್ಕವಿದೆ. ಎಷ್ಟು ಸದಸ್ಯರಿಗೆ ನೇಮಕದ ಪತ್ರ ಸಿಕ್ಕಿತು, ಎಷ್ಟು ಜನ ರಾತ್ರಿ ಓದಿ ಪಾಸಾದರು ಎಂಬ ಲೆಕ್ಕವಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಈ ಸಲದ ಮಹಾಸಭೆಯಲ್ಲಿ ಆ ಲೆಕ್ಕ ಕೇಳಿರಿ. ಉತ್ತರ ಹೇಳಲು ನಾನೂ ನಿಲ್ಲುತ್ತೇನೆ.

ಬರುವ ದೀಪಾವಳಿಯ ರಾತ್ರಿ ಕೆಳಗೆ ಧಣಿಗಳ ಕಿರ್ದಿಗೆ ಆರತಿ ಎತ್ತುವ ಹೊತ್ತಿಗೆ, ಅಟ್ಟದ ಮೇಲೆ ನೀವೂ ನಿಮ್ಮ ಪುಸ್ತಕ ತೆರೆಯಿರಿ. ಹೂವು ಬೇಡ, ಕುಂಕುಮ ಬೇಡ. ಒಂದು ಪೆನ್ನು, ಸ್ವಲ್ಪ ಬೆಳಕು, ಪಕ್ಕದಲ್ಲಿ ಒಬ್ಬ ಜೊತೆಗಾರ. ಇಷ್ಟಿದ್ದರೆ ಸಾಕು.