ಕಿವಿ ‘ಸರಿ’ ಇದ್ದವರ ಕಷ್ಟ

ರೋಣ ತಾಲ್ಲೂಕಿನ ಸವಡಿಯಲ್ಲಿ ನನ್ನ ಅಣ್ಣನ ಮಗ ಏಳನೆಯ ತರಗತಿಯಲ್ಲಿದ್ದಾನೆ. ಮನೆಯಲ್ಲಿ ಎದುರು ಕುಳಿತು ಮಾತನಾಡಿದರೆ ಎಲ್ಲವೂ ಅವನಿಗೆ ತಿಳಿಯುತ್ತದೆ. ತರಗತಿಯ ಗದ್ದಲದಲ್ಲಿ ಮಾತ್ರ ಮಾಸ್ತರರು ಹೇಳಿದ್ದು ಅರ್ಧಂಬರ್ಧ. ಹಿಟ್ಟಿನ ಗಿರಣಿಯ ಮುಂದೆ ಹಾಯುವಾಗ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಹುಡುಗನಿಗೆ ಲಕ್ಷ್ಯವಿಲ್ಲ ಎಂಬ ದೂರು ಬಂದ ಮೇಲೆ ಶ್ರವಣ ಪರೀಕ್ಷೆ ಮಾಡಿಸಿದರು. ವರದಿ ‘ಸಹಜ’ ಎಂದಿತು. ‘ಕಿವಿ ಛಲೋ ಅದಾವಂತ ತಮ್ಮಾ, ಇಂವಾ ಬೇಕಂತನ ಹಂಗ ಮಾಡ್ತಾನ’ ಎಂದು ಅಣ್ಣ ಫೋನಿನಲ್ಲಿ ಹೇಳಿದ. ವರದಿ ಬಂದ ಮೇಲೆ ಹುಡುಗನಿಗೆ ಬೈಗಳು ಹೆಚ್ಚಾದವು.

ಈ ‘ಸಹಜ’ವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಾಮಾನ್ಯ ಶ್ರವಣ ಪರೀಕ್ಷೆಯು ನಿಶ್ಶಬ್ದ ಕೋಣೆಯಲ್ಲಿ, 250ರಿಂದ 8,000 ಹರ್ಟ್ಸ್‌ವರೆಗಿನ ಒಂಟಿ ಸ್ವರಗಳು ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತವೆ ಎಂಬುದನ್ನು ಅಳೆಯುತ್ತದೆ. ಗದ್ದಲದೊಳಗಿಂದ ಒಬ್ಬರ ಮಾತನ್ನು ಹೆಕ್ಕಿ ತೆಗೆಯುವುದು ಕಿವಿಯಷ್ಟೇ ಮಿದುಳಿನ ಕೆಲಸ. ಅದನ್ನು ಈ ಪರೀಕ್ಷೆ ಮುಟ್ಟುವುದೇ ಇಲ್ಲ. 2009ರಲ್ಲಿ ಅಮೆರಿಕದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಲ್ಲಿ ಕಂಡದ್ದು ಇನ್ನೂ ಆತಂಕಕಾರಿ. ಭಾರಿ ಸದ್ದಿಗೆ ಒಡ್ಡಿದ ಇಲಿಗಳ ಶ್ರವಣ ಮಟ್ಟ ಮೊದಲಿನಂತಾದರೂ, ಒಳಗಿವಿಯ ನರಸಂಪರ್ಕಗಳು ನಾಶವಾಗಿದ್ದವು. ಮನುಷ್ಯರಿಗೆ ಇದು ಎಷ್ಟು ಅನ್ವಯಿಸುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸದ್ದನ್ನೇ ಸಹಿಸಲಾಗದಿರುವುದು ಬೇರೆಯ ತೊಂದರೆ. ಎರಡೂ ಒಬ್ಬರಲ್ಲೇ ಇರಬಹುದು.

ನಮ್ಮಲ್ಲಿ ಪರಿಣತಿಯ ಕೊರತೆಯೇನೂ ಇಲ್ಲ. ಶ್ರವಣ ಗ್ರಹಿಕೆಯ ತೊಂದರೆಯುಳ್ಳ ಮಕ್ಕಳನ್ನು ಗುರುತಿಸಲು ಶಿಕ್ಷಕರೇ ತುಂಬಬಹುದಾದ ಹನ್ನೆರಡು ಪ್ರಶ್ನೆಗಳ ಪಟ್ಟಿಯೊಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 2003ರಲ್ಲೇ ಸಿದ್ಧವಾಗಿದೆ. ಕಾನೂನಿನ ನೋಟ ಮಾತ್ರ ಡೆಸಿಬಲ್ ದಾಟಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಶ್ರವಣದೋಷ ಎನಿಸಿಕೊಳ್ಳಲು ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟವಾಗಿರಬೇಕು.

ಸದ್ದನ್ನು ತಗ್ಗಿಸುವ ಮಾತಿಗೆ ಬಂದರೆ, 2000ದ ಶಬ್ದಮಾಲಿನ್ಯ ನಿಯಮಗಳು ಶಾಲೆಗಳ ಸುತ್ತ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯವೆಂದವು. 2017ರ ತಿದ್ದುಪಡಿಯು, ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸದೆ ಯಾವ ಜಾಗವೂ ಆ ವಲಯವಾಗದು ಎಂದು ಸೇರಿಸಿ, ಇದ್ದ ರಕ್ಷಣೆಯನ್ನೂ ಸಡಿಲಿಸಿತು. ಡಿಜೆ ಕಟ್ಟಿದ ಟ್ರ್ಯಾಕ್ಟರ್ ಶಾಲೆಯ ಗೋಡೆಗೆ ತಾಗಿ ಹೋದರೂ ಕೇಳುವವರಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಸರ್ಕಾರಿ ಶಾಲೆಗಳಿಗೆ ಬರುತ್ತವೆ; ಶ್ರವಣದೋಷ ಅವರ ಪಟ್ಟಿಯಲ್ಲಿ ಇದ್ದೇ ಇದೆ. ಆ ಹನ್ನೆರಡು ಪ್ರಶ್ನೆಗಳ ಒಂದು ಹಾಳೆಯನ್ನು ಅವರ ಚೀಲಕ್ಕೆ ಸೇರಿಸಲು ಹೊಸ ಯಂತ್ರ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ.

ನಮ್ಮ ಹುಡುಗ ಈಗ ಮೊದಲ ಬೆಂಚಿನಲ್ಲಿ, ರಸ್ತೆ ಕಡೆಯ ಕಿಟಕಿಯಿಂದ ದೂರ ಕೂರುತ್ತಿದ್ದಾನೆ. ಮಾಸ್ತರರು ಅವನ ಕಡೆ ಮುಖ ಮಾಡಿ ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿದೆಯಂತೆ. ಗಿರಣಿಯ ಮುಂದೆ ಈಗಲೂ ಓಡುತ್ತಾನೆ. ಅಣ್ಣ ಬೈಯುವುದನ್ನು ಬಿಟ್ಟಿದ್ದಾನೆ.