ಮೂರು ಕಾರ್ಡು ತಿರುವಿದರೆ ಬೋರ್‌ವೆಲ್‌ನಲ್ಲಿ ನೀರು ಬರುತ್ತಾ?

ಜಾತ್ರೆಯಲ್ಲಿ ಗಿಣಿಶಾಸ್ತ್ರದವರನ್ನು ಕಂಡು ನಗುವ ನಾವೇ ಈಗ ಮೊಬೈಲಿನಲ್ಲಿ ಟ್ಯಾರೋ ನೋಡುತ್ತಾ ಕೂರುತ್ತೇವೆ. ಗಿಣಿ ಕಾರ್ಡು ಎತ್ತಿದರೆ ಮೂಢನಂಬಿಕೆ, ಇಂಗ್ಲಿಷ್ ಹೆಸರಿನ ಕಾರ್ಡು ಎತ್ತಿದರೆ ಮಾರ್ಗದರ್ಶನ. ಇದ್ಯಾವ ನ್ಯಾಯ?

ಟ್ಯಾರೋ ಹುಟ್ಟಿದ್ದು 15ನೇ ಶತಮಾನದಲ್ಲಿ, ಉತ್ತರ ಇಟಲಿಯಲ್ಲಿ. ಅದು ಇಸ್ಪೀಟಿನಂತೆ ಕೂತು ಆಡುವ ಆಟವಾಗಿತ್ತು. 1781ರಲ್ಲಿ ಕೂರ್ ದ ಜೆಬೆಲಾಂ ಎಂಬ ಫ್ರೆಂಚ್ ಲೇಖಕ ಇದರಲ್ಲಿ ಈಜಿಪ್ಟಿನ ಪ್ರಾಚೀನ ಜ್ಞಾನ ಅಡಗಿದೆ ಎಂದು ಬರೆದ. ಆಗಿನ್ನೂ ಈಜಿಪ್ಟಿನ ಚಿತ್ರಲಿಪಿ ಓದಲು ಯಾರಿಗೂ ಬರುತ್ತಿರಲಿಲ್ಲ! ಇಂದು ಹೆಚ್ಚಾಗಿ ಕಾಣುವ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಆ ಕಾರ್ಡುಗಳು ಲಂಡನ್ನಿನಲ್ಲಿ ಮಾರಾಟಕ್ಕೆ ಬಂದದ್ದು 1909ರಲ್ಲಿ.

ಈಗ ಓದುವ ವಿಧಾನ ನೋಡಿ. 78 ಕಾರ್ಡು ಕಲಸಿ ಮೂರನ್ನು ಸಾಲಾಗಿ ಇಡುತ್ತಾರೆ. ಮೊದಲನೆಯದು ನಿನ್ನೆ, ಎರಡನೆಯದು ಇಂದು, ಮೂರನೆಯದು ನಾಳೆ. ಹಿಮದಲ್ಲಿ ನಡೆಯುವ ಇಬ್ಬರು ಬಡವರು, ತಲೆಕೆಳಗಾಗಿ ನೇತಾಡುವವನು, ಆಮೇಲೆ ನಕ್ಷತ್ರ ಬಂತು ಅನ್ನಿ. 'ಹಿಂದೆ ಕಷ್ಟಪಟ್ಟಿದ್ದೀರಿ, ಈಗ ಕಾಯುತ್ತಿದ್ದೀರಿ, ಮುಂದೆ ಒಳ್ಳೆಯದಾಗುತ್ತದೆ' ಅನ್ನುತ್ತಾರೆ. ಈ ಮಾತು ಹೊಂದದ ರೈತ ಯಾರಿದ್ದಾರೆ ಹೇಳಿ? ಸಾವಿನ ಕಾರ್ಡೇ ಬಂದರೂ 'ಇದು ಸಾವಲ್ಲ, ಬದಲಾವಣೆ' ಅನ್ನುತ್ತಾರೆ. ಯಾವ ಕಾರ್ಡು ಬಂದರೂ ಸೋಲದ ಮಾತಿದು.

ವಿಡಿಯೊದಲ್ಲಿ ಇನ್ನೂ ಸುಲಭ. ಮೂರು ಗುಡ್ಡೆ ಇಟ್ಟು ಒಂದನ್ನು ಆರಿಸಿ ಅನ್ನುತ್ತಾರೆ. ಸಾವಿರಾರು ಜನ ನೋಡುತ್ತಾರೆ, ಉತ್ತರ ಮೂರೇ. ಆದರೂ 'ಈ ಸಂದೇಶ ನಿಮಗಾಗಿಯೇ ಬಂದಿದೆ' ಎಂಬ ಮಾತು ಕೇಳಿ ನಮ್ಮ ಎದೆ ಕರಗುತ್ತದೆ. ಆಮೇಲೆ ಬರುತ್ತದೆ ಫೋನ್ ನಂಬರು, 'ಪರ್ಸನಲ್ ರೀಡಿಂಗ್'ನ ದರ.

ಆಟಕ್ಕೆ ಆಡಿ, ನಮ್ಮ ತಕರಾರಿಲ್ಲ. ಚಿತ್ರ ನೋಡುತ್ತಾ ನಿಮ್ಮ ಮನಸ್ಸನ್ನೇ ಕೇಳಿಕೊಂಡರೂ ತಪ್ಪಲ್ಲ. ಆದರೆ ಸಾಲ, ಜಮೀನು, ಮದುವೆಯನ್ನು ಕಾರ್ಡಿನ ಕೈಗೆ ಕೊಡಬೇಡಿ. ಮಾತು ಸುಳ್ಳಾದರೆ ಕಂತು ಕಟ್ಟುವವರು ನೀವು, ಕಾರ್ಡು ತಿರುವಿದವರಲ್ಲ.

ಬೋರ್‌ವೆಲ್ ಕೊರೆಸುವ ಮುನ್ನ ಅಕ್ಕಪಕ್ಕದ ಹೊಲದಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿತು, ಎಷ್ಟು ಬತ್ತಿದವು ಕೇಳಿ. ಸಾಲ ಮಾಡುವ ಮುನ್ನ ಬಡ್ಡಿ ಲೆಕ್ಕ ಹಾಕಿ. ಮಗಳ ಮದುವೆ ನಿಶ್ಚಯಿಸುವ ಮುನ್ನ ಮಗಳನ್ನೇ ಕೇಳಿ. ಅವಳ ಮನಸ್ಸಿನಲ್ಲಿರುವುದು ಯಾವ ಕಾರ್ಡಿನಲ್ಲೂ ಅಚ್ಚಾಗಿಲ್ಲ.