ಹತ್ತಿ ಗಿಡ ಓದಿದ ಬ್ಯಾಕ್ಟೀರಿಯಾದ ಬರಹ

ಬಿ.ಟಿ. ಹತ್ತಿಯ ಹೆಸರನ್ನು ನಮ್ಮ ಕುಮಾರಪಟ್ಟಣ, ರಾಣೆಬೆನ್ನೂರು ಕಡೆಯ ರೈತರ ಮಕ್ಕಳೆಲ್ಲ ಕೇಳಿರುತ್ತಾರೆ. ಅದು ಬೀಜಕ್ಕೆ ಹಚ್ಚಿದ ಔಷಧ ಎಂದುಕೊಂಡ ಪಾಲಕರೂ ಇದ್ದಾರೆ. ಹಾಗಲ್ಲ. ಬಿ.ಟಿ. ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಅದರ ಒಂದು ಪ್ರೋಟೀನು ಕಾಯಿಕೊರಕ ಹುಳುವಿನ ಕರುಳಿಗೆ ಅಂಟಿ, ಅಲ್ಲಿ ರಂಧ್ರ ಮಾಡುತ್ತದೆ. ಬಿ.ಟಿ. ಹತ್ತಿಯಲ್ಲಿ ಆ ಪ್ರೋಟೀನನ್ನು ಗಿಡವೇ ತಯಾರಿಸುತ್ತದೆ. ಬ್ಯಾಕ್ಟೀರಿಯಾದ ವಿದ್ಯೆ ಗಿಡಕ್ಕೆ ಬಂದದ್ದು ಹೇಗೆ?

ಪ್ರೋಟೀನು ಎಂದರೆ 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಯಾವುದರ ಮುಂದೆ ಯಾವುದು ಎಂಬುದು ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದಿದೆ. ಅದರ ನಕಲಾದ ಸಂದೇಶವಾಹಕ ಆರ್‌ಎನ್‌ಎ ರೈಬೋಸೋಮಿಗೆ ಬರುತ್ತದೆ. (ನಕಲಿನಲ್ಲಿ ಟಿ ಬದಲು ಯು ಇರುತ್ತದೆ. ಪರೀಕ್ಷೆಯಲ್ಲಿ ಇದನ್ನು ಮರೆಯುವವರು ಬಹಳ.) ರೈಬೋಸೋಮು ಅದನ್ನು ಮೂರು ಮೂರು ಅಕ್ಷರಗಳ ತ್ರಿಕಗಳಾಗಿ ಓದಿ ಸರ ಪೋಣಿಸುತ್ತದೆ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಟ್ಟೈ ಬರೀ ಯು ಅಕ್ಷರದ ಆರ್‌ಎನ್‌ಎ ಕೊಟ್ಟು ನೋಡಿದರು. ಬರೀ ಫೀನೈಲ್‌ಅಲನಿನ್ ಸರ ಬಂತು. ಉಳಿದ ತ್ರಿಕಗಳ ಅರ್ಥ ಬಿಡಿಸಿದವರಲ್ಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಪ್ರಮುಖರು. 1968ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ಸಿಕ್ಕಿತು.

ನಾಲ್ಕು ಅಕ್ಷರಗಳಿಂದ 64 ತ್ರಿಕಗಳಾಗುತ್ತವೆ. ಮೂರು ತ್ರಿಕಗಳು 'ನಿಲ್ಲಿಸು' ಎನ್ನುತ್ತವೆ. ಉಳಿದ 61 ತ್ರಿಕಗಳಿಗೆ ಇರುವುದು 20 ಅಮೈನೋ ಆಮ್ಲಗಳು. ಆದ್ದರಿಂದ ಒಂದೇ ಆಮ್ಲಕ್ಕೆ ಹಲವು ಹೆಸರು, ಲ್ಯೂಸಿನ್‌ಗಂತೂ ಆರು.

ಈ ಸಂಕೇತ ಬ್ಯಾಕ್ಟೀರಿಯಾಕ್ಕೂ ಹತ್ತಿಗೂ ಒಂದೇ. ಆದರೂ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಇದ್ದ ಹಾಗೇ ಗಿಡಕ್ಕೆ ಸೇರಿಸಿದಾಗ ಪ್ರೋಟೀನು ತೀರ ಕಡಿಮೆ ಬಂತು. ನಾವು 'ಉಳ್ಳಾಗಡ್ಡಿ ಕೊಡ್ರಿ' ಎಂದರೆ ಮೈಸೂರಿನ ಅಂಗಡಿಯವನು ಒಂದು ಕ್ಷಣ ತಡೆಯುತ್ತಾನಲ್ಲ, ಹಾಗೆ. ಬ್ಯಾಕ್ಟೀರಿಯಾಕ್ಕೆ ಎ ಮತ್ತು ಟಿ ಹೆಚ್ಚಿರುವ ತ್ರಿಕಗಳ ರೂಢಿ. ಅಂಥ ಕೆಲವು ಸಾಲುಗಳನ್ನು ಗಿಡವು ಸಂದೇಶ ಮುಗಿದ ಗುರುತೆಂದೇ ಓದಿಬಿಡುತ್ತದೆ. 1990ರ ಸುಮಾರಿಗೆ ಮೊನ್ಸ್ಯಾಂಟೊ ಕಂಪನಿಯ ವಿಜ್ಞಾನಿಗಳು ಆ ತ್ರಿಕಗಳನ್ನು ಗಿಡಕ್ಕೆ ರೂಢಿಯಿರುವ ಸಮಾನಾರ್ಥಕ ತ್ರಿಕಗಳಿಗೆ ಬದಲಿಸಿದರು. ಅಮೈನೋ ಆಮ್ಲಗಳ ಸರ ಬದಲಾಗಲಿಲ್ಲ, ಪ್ರೋಟೀನಿನ ಪ್ರಮಾಣ ಹಲವು ಪಟ್ಟು ಏರಿತು. ನನಗೆ ಈ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಇದೇ.

2002ರಲ್ಲಿ ಭಾರತದಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆಯಿತು. ಕೆಲವೇ ವರ್ಷಗಳಲ್ಲಿ ಗುಲಾಬಿ ಕಾಯಿಕೊರಕ ಅದನ್ನು ತಾಳಿಕೊಳ್ಳಲು ಕಲಿಯಿತು. 2010ರಲ್ಲಿ ಗುಜರಾತಿನಿಂದ ಈ ಸುದ್ದಿ ಹೊರಬಂತು. ಹುಳುವೂ ಇದೇ ಸಂಕೇತವನ್ನು ಓದುವ ಜೀವಿಯಲ್ಲವೇ? ಬಿ.ಟಿ. ಪ್ರೋಟೀನು ಅಂಟಿಕೊಳ್ಳುವುದು ಹುಳುವಿನ ಕರುಳಿನಲ್ಲಿರುವ ಕ್ಯಾಡ್ಹೆರಿನ್ ಎಂಬ ಪ್ರೋಟೀನಿಗೆ. ಅದರ ಬರಹ ಕೆಟ್ಟ ಹುಳುಗಳಲ್ಲಿ ವಿಷಕ್ಕೆ ಹಿಡಿತ ಸಿಗದೆ ಅವು ಬದುಕಿದವು, ಸಂತಾನ ಬೆಳೆಸಿದವು.

ಬೀಜದ ಪೊಟ್ಟಣದ ಜೊತೆ ಬಿ.ಟಿ. ಅಲ್ಲದ ಬೀಜ ಕೊಡುತ್ತಿದ್ದುದು ಇದಕ್ಕೇ. ಹೊಲದ ಅಂಚಿನ ಆ ಸಾಲುಗಳಲ್ಲಿ ಸಾಮಾನ್ಯ ಹುಳುಗಳು ಬದುಕಿ, ಪತಂಗಗಳಾಗಿ, ವಿಷಕ್ಕೆ ಜಗ್ಗದ ಪತಂಗಗಳೊಡನೆ ಕೂಡುತ್ತವೆ. ಹುಟ್ಟುವ ಮರಿಗೆ ಒಂದಾದರೂ ಸರಿಯಾದ ಬರಹ ಇರುತ್ತದೆ, ಅದು ಬಿ.ಟಿ. ಗಿಡ ತಿಂದರೆ ಸಾಯುತ್ತದೆ. ಅಂಚಿನ ಬೆಳೆಯನ್ನು ಹುಳು ತಿನ್ನುತ್ತದಲ್ಲ ಎಂದು ಬಹಳ ರೈತರು ಆ ಬೀಜವನ್ನು ಬಿತ್ತಲೇ ಇಲ್ಲ.